ಕುಸ್ಕೋ: ಕಲ್ಲುಗೋಡೆಯ ಮೇಲೆ ಇಳಿಬಿಸಿಲು

ಪೆರು ದೇಶದ ಆಗ್ನೇಯ ಭಾಗದಲ್ಲಿ, ಆಂಡೀಸ್ ಪರ್ವತಗಳ ನಡುವಿನ ಕಣಿವೆಯೊಂದರಲ್ಲಿ, ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿರುವ ಕುಸ್ಕೋ ನಗರವು ಇಂಕಾ ಸಾಮ್ರಾಜ್ಯದ ರಾಜಧಾನಿಯಾಗಿತ್ತು. 1533ರಲ್ಲಿ ಅದು ಸ್ಪೇನಿನವರ ವಶವಾದ ಮೇಲೆ, ಇಂಕಾ ಅರಮನೆಗಳ ಮತ್ತು ಗುಡಿಗಳ ಗೋಡೆಗಳನ್ನೇ ಬುಡವಾಗಿಸಿಕೊಂಡು ಚರ್ಚುಗಳೂ ಸನ್ಯಾಸಿನಿಯರ ಮಠಗಳೂ ಮಹಡಿಮನೆಗಳೂ ಎದ್ದವು. ಹೀಗಾಗಿ ಹಳೆಯ ಊರಿನ ಓಣಿಗಳಲ್ಲಿ ಆಳೆತ್ತರದವರೆಗೆ ಗಾರೆಯಿಲ್ಲದ ಇಂಕಾ ಕಲ್ಲುಕಟ್ಟಡವೂ ಅದರ ಮೇಲೆ ಸುಣ್ಣ ಬಳಿದ ಹಸಿ ಇಟ್ಟಿಗೆಯ ಸ್ಪ್ಯಾನಿಷ್ ಗೋಡೆಯೂ, ಎಲ್ಲಕ್ಕಿಂತ ಮೇಲೆ ಕೆಂಪು ಹೆಂಚಿನ ಸೂರೂ ಒಂದರ ಮೇಲೊಂದು ಕುಳಿತಿರುವುದು ಕಾಣುತ್ತದೆ. ಯುನೆಸ್ಕೋ 1983ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಈ ನಗರವನ್ನು ಛಾಯಾಗ್ರಾಹಕರು ಸಾಮಾನ್ಯವಾಗಿ ಸೂರ್ಯ ಮುಳುಗುವ ಹೊತ್ತಿನ ಹೊಂಬಣ್ಣಕ್ಕಾಗಿ ಅರಸಿ ಬರುತ್ತಾರಾದರೂ, ಇಲ್ಲಿನ ಬೀದಿಗಳ ಮಟ್ಟಿಗೆ ಹೆಚ್ಚು ಹೇಳುವುದು ಅದಕ್ಕೂ ಮೊದಲಿನ, ಇನ್ನೂ ಬಣ್ಣ ತಿರುಗದ, ಓರೆಯಾಗಿ ಬೀಳುವ ಬಿಳಿ ಬಿಸಿಲು.

ಭಾರತದಿಂದ ಪೆರುವಿಗೆ ನೇರ ವಿಮಾನವಿಲ್ಲ. ದಾರಿಯಲ್ಲಿ ವಿಮಾನ ಬದಲಿಸಿ ಮೊದಲು ರಾಜಧಾನಿ ಲಿಮಾಕ್ಕೆ ಇಳಿಯಬೇಕು. ಪೆಸಿಫಿಕ್ ಕರಾವಳಿಯಲ್ಲಿರುವ ಲಿಮಾವನ್ನು ಜೂನ್, ಜುಲೈ ತಿಂಗಳುಗಳಲ್ಲಿ ಗರುವಾ ಎಂದು ಕರೆಯುವ ಮಂಜುಮೋಡ ಕವಿದಿರುತ್ತದೆ. ಇದು ಕರಾವಳಿಯ ತಣ್ಣನೆಯ ಸಾಗರಪ್ರವಾಹದಿಂದ ಹುಟ್ಟುವ, ಮಳೆಯಾಗಿ ಸುರಿಯದೆ ತುಂತುರಾಗಿಯಷ್ಟೇ ಇಳಿಯುವ ಮೋಡ. ಅದರ ಅಡಿಯಲ್ಲಿ ಮನುಷ್ಯನಿಗೂ ಮರಕ್ಕೂ ನೆರಳೇ ಇರುವುದಿಲ್ಲ. ವಿಮಾನವು ಆ ಬೂದುಬಣ್ಣದ ಪದರವನ್ನು ದಾಟಿ, ಒಂದೂಕಾಲು ಗಂಟೆಯ ಅವಧಿಯಲ್ಲಿ ಹಿಮ ಹೊತ್ತ ಶಿಖರಗಳ ಪಕ್ಕದಿಂದ ಕುಸ್ಕೋ ಕಣಿವೆಗೆ ಇಳಿದಾಗ ಪ್ರಯಾಣಿಕನಿಗೆ ಎದುರಾಗುವುದು ಇದಕ್ಕೆ ತೀರ ವಿರುದ್ಧವಾದ ಲೋಕ: ಆಕಾಶ ಗಾಢ ನೀಲಿ, ಬಿಸಿಲು ಕಣ್ಣು ಕುಕ್ಕುವಷ್ಟು ಪ್ರಖರ, ನೆರಳಿನ ಅಂಚು ಚಾಕುವಿನಲ್ಲಿ ಕೊರೆದಂತೆ ಚೂಪು. ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಸುಮಾರು 1,500 ಮೀಟರ್ ಮೇಲಿರುವ ಈ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಎರಡು ಭಾಗದಷ್ಟೇ ಇರುವುದರಿಂದ ಬೆಳಕು ಚದುರುವುದು ಕಡಿಮೆ. ಚದುರಿದ ಬೆಳಕೇ ನೆರಳಿನೊಳಗೆ ತುಂಬಿ ಅದನ್ನು ತಿಳಿಗೊಳಿಸುವಂಥದ್ದಾದ ಕಾರಣ ಇಲ್ಲಿನ ನೆರಳುಗಳು ಬಯಲುಸೀಮೆಯ ನೆರಳಿಗಿಂತ ಕಪ್ಪಾಗಿಯೂ ನೀಲಿಯಾಗಿಯೂ ಉಳಿಯುತ್ತವೆ. ಕ್ಯಾಮೆರಾ ಹಿಡಿದವರು ಬಿಸಿಲು ಬಿದ್ದ ಭಾಗಕ್ಕೆ ಎಕ್ಸ್‌ಪೋಷರ್ ಹೊಂದಿಸಿದರೆ ನೆರಳು ಮುಳುಗುತ್ತದೆ, ನೆರಳಿಗೆ ಹೊಂದಿಸಿದರೆ ಸುಣ್ಣದ ಗೋಡೆ ಬೆಳ್ಳಗೆ ಸುಟ್ಟುಹೋಗುತ್ತದೆ. ಎರಡರಲ್ಲಿ ಒಂದನ್ನು ಬಿಟ್ಟುಕೊಡಬೇಕೆಂದಾದರೆ ನೆರಳನ್ನು ಬಿಡುವುದೇ ಮೇಲು.

ಕನ್ನಡ ನಾಡಿನಿಂದ ಹೋದವರಿಗೆ ಇಲ್ಲಿನ ಸೂರ್ಯನಡೆ ಒಂದು ಅರ್ಥದಲ್ಲಿ ಪರಿಚಿತವೇ. ಬೆಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿದ್ದರೆ ಕುಸ್ಕೋ ದಕ್ಷಿಣಕ್ಕೆ ಸುಮಾರು ಹದಿಮೂರೂವರೆ ಡಿಗ್ರಿಯಲ್ಲಿದೆ. ಆದ್ದರಿಂದ ಬೆಂಗಳೂರಿನ ಡಿಸೆಂಬರ್ ಬಿಸಿಲಿನ ಓರೆಯೇ ಕುಸ್ಕೋದ ಜೂನ್ ಬಿಸಿಲಿನ ಓರೆ. ವ್ಯತ್ಯಾಸವೆಂದರೆ ಅಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ನೈರುತ್ಯದತ್ತ ಇಳಿದರೆ ಇಲ್ಲಿ ಉತ್ತರಕ್ಕೆ ವಾಲಿ ವಾಯವ್ಯದತ್ತ ಇಳಿಯುತ್ತಾನೆ. ಮನೆಯ ದಕ್ಷಿಣದ ಕಿಟಕಿಗೆ ಚಳಿಗಾಲದ ಬಿಸಿಲು ಬರುತ್ತದೆಂಬ ರೂಢಿಯ ತಿಳಿವಳಿಕೆಯನ್ನು ಇಲ್ಲಿ ತಿರುಗಿಸಿಟ್ಟುಕೊಳ್ಳಬೇಕು. ಉಷ್ಣವಲಯದಲ್ಲಿ ಸೂರ್ಯ ಕಡಿದಾಗಿ ಇಳಿಯುವುದರಿಂದ ಹೊಂಬಿಸಿಲಿನ ಅವಧಿಯೂ ಗಿಡ್ಡ. ದಿಗಂತದಿಂದ ಆರು ಡಿಗ್ರಿ ಮೇಲಿರುವ ಸೂರ್ಯ ಮುಳುಗಲು ಜೂನ್ ತಿಂಗಳ ಲಂಡನ್ನಿನಲ್ಲಿ ಮುಕ್ಕಾಲು ಗಂಟೆಗೂ ಹೆಚ್ಚು ಹಿಡಿದರೆ ಇಲ್ಲಿ ಅರ್ಧ ಗಂಟೆಯೂ ಹಿಡಿಯುವುದಿಲ್ಲ, ಅಷ್ಟರಲ್ಲೂ ಸುತ್ತಲಿನ ಬೆಟ್ಟಗಳು ಸೂರ್ಯನನ್ನು ದಿಗಂತ ಮುಟ್ಟುವ ಮೊದಲೇ ಮರೆಮಾಡುತ್ತವೆ. ಹೀಗಾಗಿ ಐದೂವರೆಯ ಸುಮಾರಿಗೆ ಸೂರ್ಯಾಸ್ತವೆಂದು ಪಂಚಾಂಗ ಹೇಳಿದರೂ ಓಣಿಗಳಲ್ಲಿ ಕೆಲಸ ನಡೆಯುವುದು ಮಧ್ಯಾಹ್ನ ಮೂರರಿಂದ ನಾಲ್ಕೂವರೆಯೊಳಗೆ. ಮೂರು ಗಂಟೆಗೆ ಸೂರ್ಯ ಮೂವತ್ತು ಡಿಗ್ರಿ ಎತ್ತರದಲ್ಲಿರುತ್ತಾನೆ. ನಾಲ್ಕೂವರೆಗೆ ಹನ್ನೆರಡಕ್ಕೆ ಇಳಿದು, ಆಳಿನ ನೆರಳು ಆಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಉದ್ದವಾಗುತ್ತದೆ.

ನಡಿಗೆ ಆರಂಭವಾಗಬೇಕಾದದ್ದು ಊರ ನಡುವಿನ ಪ್ಲಾಸಾ ದೆ ಆರ್ಮಾಸ್ ಎಂಬ ದೊಡ್ಡ ಚೌಕದಿಂದ. ಇದರ ಈಶಾನ್ಯ ಬದಿಯಲ್ಲಿ ಹದಿನಾರನೆಯ ಶತಮಾನದಲ್ಲಿ ಆರಂಭವಾಗಿ 1654ರಲ್ಲಿ ಮುಗಿದ ಕೆಥೆಡ್ರಲ್, ಆಗ್ನೇಯ ಬದಿಯಲ್ಲಿ ಜೆಸ್ಯೂಟ್ ಪಾದ್ರಿಗಳ ಲಾ ಕೊಂಪಾನ್ಯಿಯಾ ಚರ್ಚು ನಿಂತಿವೆ. ಚೌಕವು ದಿಕ್ಕುಗಳಿಗೆ ಓರೆಯಾಗಿರುವ ಕಾರಣ ಜೂನ್ ತಿಂಗಳ ಮಧ್ಯಾಹ್ನದ ಬಿಸಿಲು ಕೊಂಪಾನ್ಯಿಯಾದ ಮುಖಕ್ಕೆ ನೆಟ್ಟಗೆ ಬಡಿಯುತ್ತದೆ, ಕೆಥೆಡ್ರಲ್ಲಿನ ಮುಖವನ್ನು ಪಕ್ಕದಿಂದ ಸವರುತ್ತದೆ. ಬಹುಪಾಲು ಪ್ರವಾಸಿಗಳು ಹೊಳೆಯುವ ಕೊಂಪಾನ್ಯಿಯಾದತ್ತಲೇ ಕ್ಯಾಮೆರಾ ತಿರುಗಿಸುವುದು ಸಹಜ; ಆದರೆ ನೆಟ್ಟ ಬೆಳಕಿನಲ್ಲಿ ಅದರ ದಟ್ಟ ಕೆತ್ತನೆ ಚಪ್ಪಟೆಯಾಗಿ, ಸಪ್ಪೆಯೆನಿಸುವ ಕೆಥೆಡ್ರಲ್ಲಿನ ಕಂಬ ಕಮಾನುಗಳೇ ಉಬ್ಬುತಗ್ಗು ಪಡೆದು ಎದ್ದು ಬರುತ್ತವೆ.

ಕೊಂಪಾನ್ಯಿಯಾದ ಪಕ್ಕದಿಂದ ಹೊರಡುವ ಲೊರೆತೊ ಎಂಬ ಕಿರುದಾರಿಯ ಎರಡೂ ಬದಿಗೆ ಇಂಕಾ ಗೋಡೆಗಳಿವೆ. ಚೌಕದಿಂದ ನಡೆದಾಗ ಎಡಕ್ಕೆ ಸಿಗುವುದು ಅಕ್ಲವಾಸಿ, ಅಂದರೆ ಸೂರ್ಯದೇವರ ಸೇವೆಗೆ ಆಯ್ದ ಕನ್ಯೆಯರ ವಾಸಸ್ಥಾನದ ಗೋಡೆ. ಇಳಿಬಿಸಿಲು ಈ ಓಣಿಯೊಳಕ್ಕೆ ಚೌಕದ ಕಡೆಯಿಂದ ನುಗ್ಗಿ ಎಡಗೋಡೆಯ ಮೇಲ್ಭಾಗವನ್ನಷ್ಟೇ ತಾಗಿ ಹೋಗುವ ಕಾರಣ ಇಲ್ಲಿ ನಿಲ್ಲುವ ಸಮಯ ಕಡಿಮೆ. ಅದೇ ದಿಕ್ಕಿನಲ್ಲಿ ಮುಂದುವರಿದರೆ ಇಂಕಾಗಳ ಪ್ರಧಾನ ಸೂರ್ಯದೇಗುಲವಾಗಿದ್ದ ಕೊರಿಕಾಂಚಾ ಸಿಗುತ್ತದೆ. ಅದರ ಮೇಲೆ ಸ್ಯಾಂತೊ ದೊಮಿಂಗೊ ಎಂಬ ಕ್ರೈಸ್ತ ಮಠವನ್ನು ಕಟ್ಟಲಾಗಿದ್ದು, 1950ರ ಮೇ 21ರ ಭೂಕಂಪದಲ್ಲಿ ಮಠಕ್ಕೆ ತೀವ್ರ ಹಾನಿಯಾದರೂ ಅಡಿಯ ಇಂಕಾ ಗೋಡೆಗಳು ಗಟ್ಟಿಯಾಗಿ ನಿಂತವು; ಮಠದ ಕಟ್ಟಡದೊಳಗೆ ಮುಚ್ಚಿಹೋಗಿದ್ದ ಇನ್ನಷ್ಟು ಇಂಕಾ ಗೋಡೆಗಳು ಆಗ ಬೆಳಕಿಗೆ ಬಂದವು. ಪಶ್ಚಿಮದ ತುದಿಯಲ್ಲಿ ಬಾಗಿ ತಿರುಗುವ ಗೋಡೆಯೊಂದಿದೆ. ಎದುರಿಗೆ ಕಟ್ಟಡಗಳಿಲ್ಲದೆ ಹುಲ್ಲುಹಾಸಷ್ಟೇ ಇರುವುದರಿಂದ ಅದರ ಮೇಲೆ ಬಿಸಿಲು ಬಹಳ ಹೊತ್ತು ನಿಲ್ಲುತ್ತದೆ. ಬಾಗಿನ ಒಂದು ಕಡೆ ಬೆಳ್ಳಗಿದ್ದು, ತಿರುವಿನುದ್ದಕ್ಕೂ ಹಂತಹಂತವಾಗಿ ಬೂದಿಗೆ, ಆಮೇಲೆ ಕಪ್ಪಿಗೆ ಇಳಿಯುತ್ತದೆ. ಕುಸ್ಕೋದಲ್ಲಿ ಒಂದೇ ಚಿತ್ರ ತೆಗೆಯಲು ಅವಕಾಶವಿದ್ದರೆ ತೆಗೆಯಬೇಕಾದದ್ದು ಇಲ್ಲಿ.

ಇಂಕಾ ಕಲ್ಲುಕೆಲಸದ ಗುಣವೇ ಓರೆಬೆಳಕಿಗೆ ಹೇಳಿ ಮಾಡಿಸಿದಂಥದ್ದು. ಮುಖ್ಯ ಗುಡಿಗಳಲ್ಲಿ ಕಲ್ಲುಗಳನ್ನು ಸಮವಾದ ಸಾಲುಗಳಲ್ಲಿ ಇಟ್ಟರೆ, ಕೆಥೆಡ್ರಲ್ಲಿನ ಹಿಂಬದಿಯ ಹಾತುನ್ ರುಮಿಯೊಕ್ ಬೀದಿಯಲ್ಲಿರುವಂಥ ಗೋಡೆಗಳಲ್ಲಿ ಬಹುಕೋನದ ದೊಡ್ಡ ಕಲ್ಲುಗಳನ್ನು ಒಂದಕ್ಕೊಂದು ಕಚ್ಚುವಂತೆ ಕೂಡಿಸಿದ್ದಾರೆ. ಹನ್ನೆರಡು ಮೂಲೆಗಳ ಪ್ರಸಿದ್ಧ ಹಸಿರು ಛಾಯೆಯ ಡಯೊರೈಟ್ ಕಲ್ಲು ಇರುವುದು ಇಲ್ಲಿಯೇ, ಇಂಕಾ ರೊಕನ ಅರಮನೆಯಾಗಿದ್ದು ಈಗ ಆರ್ಚ್‌ಬಿಷಪ್ಪರ ನಿವಾಸದ ಬುಡವಾಗಿರುವ ಗೋಡೆಯಲ್ಲಿ. ಪ್ರತಿ ಕಲ್ಲಿನ ಮುಖವೂ ನಡುವೆ ಮೆಲ್ಲಗೆ ಉಬ್ಬಿ ಅಂಚಿಗೆ ಬಂದಂತೆ ಒಳಗೆ ಸರಿಯುತ್ತದೆ. ನಡುಹಗಲಿನಲ್ಲಿ ಇದು ಕಣ್ಣಿಗೆ ಹತ್ತದು. ಬೆಳಕು ಗೋಡೆಗೆ ಒರಗಿ ಬಂದಾಗ ಪ್ರತಿ ಸಂದಿನಲ್ಲೂ ಕಪ್ಪು ದಾರದಂತೆ ನೆರಳು ಕೂರುತ್ತದೆ, ಕೆಲವು ಕಲ್ಲುಗಳ ಕೆಳಭಾಗದಲ್ಲಿ ಉಳಿಸಿರುವ ಗುಬಟುಗಳಿಂದ ಗೇಣುದ್ದದ ನೆರಳು ಚಾಚುತ್ತದೆ. ಹೆಚ್ಚುಕಡಿಮೆ ಇದೇ ಕಾಲದಲ್ಲಿ ವಿಜಯನಗರದವರು ಹಂಪಿಯಲ್ಲಿ ಗಾರೆಯಿಲ್ಲದೆ ಕಣಶಿಲೆಯ ಎತ್ತರದ ಆವರಣಗೋಡೆಗಳನ್ನು ಕಟ್ಟುತ್ತಿದ್ದರು; ಹಜಾರರಾಮ ಗುಡಿಯ ಸುತ್ತಮುತ್ತಲಿನ ಆ ಗೋಡೆಗಳನ್ನು ಸಂಜೆ ನಾಲ್ಕರ ಬಿಸಿಲಲ್ಲಿ ನೋಡಿದವರಿಗೆ ಈ ಮಾತು ಸುಲಭವಾಗಿ ಹೊಳೆಯುತ್ತದೆ. ಹನ್ನೆರಡು ಮೂಲೆಯ ಕಲ್ಲಿನ ಮುಂದೆ ಮಾತ್ರ ಜನ ಸಾಲುಗಟ್ಟಿರುತ್ತಾರೆ. ಹತ್ತು ಹೆಜ್ಜೆ ಆಚೆಯ ಕಲ್ಲುಗಳು ಕಸುಬಿನಲ್ಲಿ ಒಂದಿಷ್ಟೂ ಕಡಿಮೆಯಲ್ಲ, ಅವುಗಳ ಮುಂದೆ ಯಾರೂ ಇರುವುದಿಲ್ಲ.

ಈ ಬೆಳಕನ್ನು ಮೊದಲು ಆಳವಾಗಿ ಅರಿತವನು ಹೊರಗಿನವನಲ್ಲ. ಮಾರ್ಟಿನ್ ಚಾಂಬಿ 1891ರಲ್ಲಿ ಪುನೊ ಪ್ರಾಂತದ ಕೊವಾಸಾ ಎಂಬ ಊರಿನ ಕೆಚುವಾ ಭಾಷಿಕ ರೈತ ಕುಟುಂಬದಲ್ಲಿ ಹುಟ್ಟಿದ. ಚಿನ್ನದ ಗಣಿಯೊಂದರ ಬಳಿ ಕಂಪನಿಯ ಛಾಯಾಗ್ರಾಹಕರನ್ನು ನೋಡಿ ಆ ಕೆಲಸಕ್ಕೆ ಮನಸೋತ ಹುಡುಗ ಅರೆಕಿಪಾ ನಗರದಲ್ಲಿ ಮಾಕ್ಸ್ ವಾರ್ಗಾಸ್ ಎಂಬ ಸ್ಟುಡಿಯೊ ಛಾಯಾಗ್ರಾಹಕನ ಬಳಿ ಕಸುಬು ಕಲಿತು, 1920ರಲ್ಲಿ ಕುಸ್ಕೋಕ್ಕೆ ಬಂದು, 1973ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ನೆಲೆಸಿದ. ಅವನು ಬಳಸುತ್ತಿದ್ದುದು ಗಾಜಿನ ಫಲಕದ ನೆಗೆಟಿವ್, ಅಂದರೆ ಬೆಳಕಿಗೆ ಸ್ಪಂದಿಸುವ ಲೇಪವನ್ನು ಫಿಲ್ಮಿನ ಬದಲು ಗಾಜಿನ ಮೇಲೆ ಹಚ್ಚಿದ ಫಲಕ. ದೊಡ್ಡ ಕ್ಯಾಮೆರಾ, ಮುಕ್ಕಾಲಿ, ತೂಕದ ಫಲಕಗಳು ಇವೆಲ್ಲವನ್ನೂ ಹೊತ್ತು ಏರು ಹತ್ತುವವನು ಬೆಳಕಿಗಾಗಿ ಕಾದು ಕುಳಿತು ಒಂದೊಂದೇ ಚಿತ್ರ ತೆಗೆಯಬೇಕಿತ್ತು. ಸ್ಟುಡಿಯೊದೊಳಗೂ ಅವನು ನೆಚ್ಚಿಕೊಂಡಿದ್ದು ಚಾವಣಿಯ ಗಾಜಿನಿಂದ ಇಳಿಯುವ ಹಗಲುಬೆಳಕನ್ನೇ. ಊರಿನ ಸಿರಿವಂತರ ಮದುವೆಗಳನ್ನೂ ಹಳ್ಳಿಯ ರೈತರನ್ನೂ ಒಂದೇ ಗಾಂಭೀರ್ಯದಿಂದ ಚಿತ್ರಿಸಿದ ಈತನ ಕೃತಿಗಳು 1979ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು. 1948ರ ಡಿಸೆಂಬರಿನಲ್ಲಿ ಅಮೆರಿಕದ ಇರ್ವಿಂಗ್ ಪೆನ್ ಕೂಡ ಕುಸ್ಕೋಕ್ಕೆ ಬಂದು, ಸ್ಥಳೀಯ ಸ್ಟುಡಿಯೊವೊಂದನ್ನು ಬಾಡಿಗೆಗೆ ಹಿಡಿದು ಬೆಟ್ಟದ ಜನರ ಭಾವಚಿತ್ರಗಳನ್ನು ತೆಗೆದ. ಪೆನ್‌ನ ಚಿತ್ರಗಳ ಸೊಗಸು ನಿರ್ವಿವಾದ. ಆದರೂ ಅವುಗಳಲ್ಲಿನ ಜನ ಅಪರಿಚಿತನೆದುರು ನಿಂತವರಂತೆ ತೋರಿದರೆ ಚಾಂಬಿಯ ಚಿತ್ರಗಳ ಜನ ತಮ್ಮವನೆದುರು ನಿಂತವರಂತಿದ್ದಾರೆ.

ಹಾತುನ್ ರುಮಿಯೊಕ್ ದಾಟಿದೊಡನೆ ಸ್ಯಾನ್ ಬ್ಲಾಸ್ ಎಂಬ ಕುಶಲಕರ್ಮಿಗಳ ಕೇರಿಗೆ ಕಡಿದಾದ ಏರು ಆರಂಭವಾಗುತ್ತದೆ. ಇಲ್ಲಿ ಕಲ್ಲಿಗಿಂತ ಸುಣ್ಣದ ಗೋಡೆ ಮತ್ತು ನೀಲಿ ಬಾಗಿಲುಗಳದ್ದೇ ದರ್ಬಾರು. ಓಣಿ ಕಿರಿದಾಗಿರುವುದರಿಂದ ಬಿಸಿಲು ಬಿದ್ದ ಗೋಡೆಯೇ ಎದುರುಗೋಡೆಯ ನೆರಳಿಗೆ ಬೆಳಕನ್ನು ಹಿಂದಿರುಗಿಸುತ್ತದೆ, ಚೌಕದಲ್ಲಿ ಕಾಡಿದ ಕಪ್ಪುನೆರಳಿನ ತೊಡಕು ಇಲ್ಲಿ ತಾನಾಗಿ ಸಡಿಲಗೊಳ್ಳುತ್ತದೆ. ಮುಖಗಳನ್ನು ಚಿತ್ರಿಸಲು ತಕ್ಕ ಜಾಗವಿದು. ಬಣ್ಣಬಣ್ಣದ ನೇಯ್ಗೆಯ ಉಡುಪು ತೊಟ್ಟು, ಲಾಮಾ ಅಥವಾ ಅಲ್ಪಾಕಾ ಮರಿಯನ್ನು ಎತ್ತಿಕೊಂಡು ನಿಲ್ಲುವ ಮಹಿಳೆಯರು ಚಿತ್ರಕ್ಕೆ ಹಣ ಕೇಳುತ್ತಾರೆಂದು ಗೊಣಗುವ ಪ್ರವಾಸಿಗಳಿದ್ದಾರೆ. ನಿಂತು ತೋರುವುದೂ ಒಂದು ದುಡಿಮೆಯಾಗಿರುವಾಗ ಈ ಗೊಣಗಾಟದಲ್ಲಿ ನ್ಯಾಯವಿಲ್ಲ. ಮೊದಲೇ ಕೇಳಿ, ಹಣ ಗೊತ್ತುಮಾಡಿಕೊಂಡು, ಕೊಟ್ಟು ತೆಗೆಯುವುದು ಮರ್ಯಾದೆ.

ಈ ಊರಿಗೆ ಹೋಗಬಯಸುವ ಓದುಗರು ನವೆಂಬರಿನಿಂದ ಮಾರ್ಚಿನವರೆಗಿನ ಮಳೆಗಾಲವನ್ನು ಬಿಟ್ಟು ಮೇ ತಿಂಗಳನ್ನು ಆರಿಸಿಕೊಳ್ಳುವುದು ಲೇಸು, ಏಕೆಂದರೆ ಜೂನ್ 24ರಂದು ನಡೆಯುವ ಇಂತಿ ರಾಯ್ಮಿ ಎಂಬ ಸೂರ್ಯೋತ್ಸವದ ಆಸುಪಾಸಿನಲ್ಲಿ ಓಣಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತೆಳುಗಾಳಿಯಿಂದ ತಲೆನೋವು, ಏದುಸಿರು ಬರುವ ಸೊರೊಚೆ ಎಂಬ ಬಾಧೆ ಗಟ್ಟಿಮುಟ್ಟಾದವರನ್ನೂ ಬಿಡುವುದಿಲ್ಲವಾದ್ದರಿಂದ ಮೊದಲ ದಿನ ಸ್ಯಾನ್ ಬ್ಲಾಸ್ ಏರು ಹತ್ತದೆ ಚೌಕದ ಸುತ್ತಲೇ ಇರಬೇಕು. ನಾಲ್ಕೂವರೆಯ ಬಳಿಕ ಚಳಿ ಬೇಗನೆ ಇಳಿಯುವುದರಿಂದ ಕ್ಯಾಮೆರಾದ ಚೀಲದಲ್ಲಿ ಇನ್ನೊಂದು ಲೆನ್ಸಿಗಿಂತ ಒಂದು ಸ್ವೆಟರಿಗೆ ಜಾಗ ಮಾಡಿಕೊಳ್ಳಬೇಕು.