ಕೇಸಿನ ಹುಡುಗರಿಗೆ ಕೆರೆಯ ಪಾಠ

ಹೊಸಕೋಟೆ ಕಡೆಯ ಜಡಿಗೇನಹಳ್ಳಿಯಲ್ಲಿ ಬಸ್ಸಿಗೆ ಕಾಯ್ತಾ ನಿಂತಾಗ ಹೊಳೆದದ್ದು ಇದು. ಕಳ್ಳತನ, ಹೊಡೆದಾಟ ಅಂತ ಕೇಸಿಗೆ ಸಿಕ್ಕ ಹುಡುಗರಿಗೆ ಬಾಲನ್ಯಾಯ ಮಂಡಳಿ ಸಮುದಾಯ ಸೇವೆ ಮಾಡಿ ಅನ್ನಬಹುದು, 2015ರ ಬಾಲನ್ಯಾಯ ಕಾಯ್ದೆಯಲ್ಲೇ ಅವಕಾಶವಿದೆ. 14 ವರ್ಷ ದಾಟಿದವರಿಗೆ ಅಂತ ಅದರ 2016ರ ಮಾದರಿ ನಿಯಮಗಳು ಹೇಳುವ ಸೇವೆಗಳಲ್ಲಿ ಉದ್ಯಾನ ನೋಡಿಕೊಳ್ಳುವುದೂ ಒಂದು.

ಉದ್ಯಾನವೇ ಯಾಕೆ, ನಮ್ಮ ಕಡೆ ಕೆರೆಗಳಿಲ್ಲವೇ? ಬರೀ ಕಸ ಹೆಕ್ಕಿಸಿದರೆ ಅದೂ ಶಿಕ್ಷೆಯೇ. ಕೆರೆ ನೀರು ಹಂಚುವ ನೀರಗಂಟಿ ಕೆಲಸ ಬಲ್ಲ ಹಿರಿಯರ ಜೊತೆ ಹುಡುಗರು ಕೆರೆ ಏರಿ ಮೇಲೆ ನಡೆಯಲಿ. ತೂಬು ಹೇಗೆ ತೆರೆಯುತ್ತೆ, ಕೋಡಿ ಯಾಕೆ ಅಲ್ಲೇ ಇದೆ, ಮೇಲಿನ ಕೆರೆ ತುಂಬಿದರೆ ನೀರು ಯಾವ ಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತೆ? ಗಣಿತ, ವಿಜ್ಞಾನ ಎಲ್ಲ ಅಲ್ಲೇ ಸಿಗುತ್ತೆ. ಹೊಸಕೋಟೆ ಕೆರೆಗೆ ಹಕ್ಕಿ ನೋಡೋಕೆ ಬೆಂಗಳೂರಿಂದ ಜನ ಬರ್ತಾರೆ. ಈ ಹುಡುಗರ ಕೈಗೂ ಒಂದು ದುರ್ಬೀನು ಕೊಡಬಹುದಲ್ಲ!

ಒಂದು ಮಾತು: ಇವನು ಕೇಸಿನ ಹುಡುಗ ಅಂತ ಊರಿಗೆ ಗೊತ್ತಾಗಲೇಬಾರದು. ಗುರುತು ಬಯಲು ಮಾಡುವುದನ್ನು ಕಾನೂನೇ ತಡೆದಿದೆ. ಊರ ಮಕ್ಕಳ ಜೊತೆ ಸೇರಿಸಿಯೇ ಕಲಿಸಬೇಕು.

ನಿಮ್ಮೂರ ಕೆರೆ ಬಲ್ಲವರು, ಇದಕ್ಕೆ ಸಮಯ ಕೊಡುವವರು ಇದ್ದರೆ ದಯವಿಟ್ಟು ತಿಳಿಸಿ.