ಚೆನ್ನಿಯ ಉತ್ತರಾಯಣ

ನಮ್ಮನೆಯವರಿಗೆ ವೈಟ್‌ಹಾರ್ಸ್‌ನಲ್ಲಿ ಕೆಲಸ ಸಿಕ್ಕಿತು ಅಂದ ಕೂಡಲೇ ನೆಂಟರಿಷ್ಟರೆಲ್ಲ ಫೋನು ಮಾಡಿ ವಿಚಾರಿಸಿದ್ದು ಚಳಿಯನ್ನು. ಕೆನಡಾದ ಭೂಪಟದಲ್ಲಿ ಎಡಗಡೆ ಮೇಲ್ತುದಿಗೆ, ಅಲಾಸ್ಕಾಕ್ಕೆ ಆತುಕೊಂಡಿರುವ ಯೂಕಾನ್ ಪ್ರದೇಶದ ರಾಜಧಾನಿ ಅದು. ಅರವತ್ತನೇ ಅಕ್ಷಾಂಶ ದಾಟಿದ ಊರು. ನನ್ನ ಚಿಂತೆ ಮಾತ್ರ ಬೇರೆಯೇ ಇತ್ತು. ಅಲ್ಲಿ ಹುಲ್ಲು ಸಿಗುತ್ತದೋ ಇಲ್ಲವೋ?

ಚೆನ್ನಿ ನಮ್ಮ ಕುದುರೆ. ಕಂದು ಮೈ, ಹಣೆ ಮೇಲೊಂದು ಬಿಳಿ ಬೊಟ್ಟು, ಸುಮಾರು 450 ಕಿಲೋ ತೂಕ, ಅದಕ್ಕೆ ತಕ್ಕ ಹಟ. ಕುದುರೆಗೆ ದಿನಕ್ಕೆ ಮೈತೂಕದ ನೂರಕ್ಕೆ ಎರಡು ಪಾಲು ಒಣಮೇವು ಬೇಕು, ಅಂದರೆ 9 ಕಿಲೋ. ಚಳಿ ಬಿದ್ದ ಮೇಲೆ ಇನ್ನೂ ಮೂರ್ನಾಲ್ಕು ಕಿಲೋ. ವರ್ಷಕ್ಕೆ ಹತ್ತಿರ ಹತ್ತಿರ 4 ಟನ್. ಮೊದಲು ಆಲ್ಬರ್ಟಾ ಪ್ರಾಂತ್ಯದಲ್ಲಿದ್ದಾಗ ಪಕ್ಕದ ಹೊಲದಿಂದ ಬರುತ್ತಿದ್ದ ಹುಲ್ಲನ್ನು ಯಾರು ಲೆಕ್ಕ ಹಾಕಿದ್ದರು! ಯೂಕಾನಿನಲ್ಲಿ ಬೇಸಿಗೆಯೇ ಗಿಡ್ಡ. ಟಖೀನಿ ಕಣಿವೆಯಲ್ಲಿ ಹುಲ್ಲು ಬೆಳೆಯುವ ಕೆಲವರಿದ್ದಾರೆ, ಸಾಮಾನ್ಯವಾಗಿ ಒಂದೇ ಕೊಯ್ಲು. ದಕ್ಷಿಣದಿಂದ ಲಾರಿಯಲ್ಲಿ ತರಿಸಿದರೆ ಹುಲ್ಲಿಗಿಂತ ಡೀಸೆಲ್ಲಿಗೇ ದುಡ್ಡು ಸುರಿಯಬೇಕು.

ನಾನು ಕುಣಿಗಲ್ ಕಡೆಯವಳು. ಟಿಪ್ಪುವಿನ ಕಾಲದಿಂದ ಕುದುರೆಗೆ ಹೆಸರಾದ ಊರು. ಅಲ್ಲಿಯ ಸ್ಟಡ್ ಫಾರಂ ಬೇಲಿಯಾಚೆ ರೇಸಿನ ಕುದುರೆಗಳು ಓಡಾಡುವುದನ್ನು ನೋಡಿಯೇ ನಾವು ಬೆಳೆದದ್ದು. ಆ ಬೇಲಿಯೊಳಗಿನ ಪ್ರಾಣಿ ನಮ್ಮಂಥವರ ಮನೆಗೂ ಬರಬಹುದೆಂದು ತಿಳಿದದ್ದು ಆಲ್ಬರ್ಟಾಕ್ಕೆ ಬಂದ ಮೇಲೆ. ಅಲ್ಲಿ ಸ್ಕೂಲ್ ಬಸ್ ಓಡಿಸುವಾಕೆಯ ಹಿತ್ತಿಲಲ್ಲೂ ಎರಡು ಕುದುರೆ ಇರುತ್ತವೆ. ಇಷ್ಟು ವರ್ಷಕ್ಕೆ ಕೈಗೆ ಬಂದದ್ದನ್ನು ಊರು ಬಿಡುತ್ತೇವೆಂದು ಮಾರಿಬಿಡುವುದೆ? "ಅವಳು ಬರದಿದ್ರೆ ನಾನೂ ಬರಲ್ಲ ಕಣ್ರೀ" ಅಂದೆ. ಅವರು ಟ್ರೈಲರಿನ ಟಯರು ಬದಲಾಯಿಸಲು ಹೋದರು.

ಆಲ್ಬರ್ಟಾದ ಎಡ್ಮಂಟನ್‌ನಿಂದ ವೈಟ್‌ಹಾರ್ಸ್‌ಗೆ ಸುಮಾರು 2000 ಕಿಲೋಮೀಟರ್. ಡಾಸನ್ ಕ್ರೀಕ್ ದಾಟಿದರೆ ಮುಂದೆಲ್ಲ ಅಲಾಸ್ಕಾ ಹೆದ್ದಾರಿ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಭಯಕ್ಕೆ ಅಮೆರಿಕದ ಸೈನ್ಯ 1942ರಲ್ಲಿ ಕೆಲವೇ ತಿಂಗಳಲ್ಲಿ ಕಾಡು ಕಡಿದು ಮಾಡಿದ ದಾರಿ. ಮುಂದೆ ಹೋಗಿ ಜಾಡು ಗುರುತಿಸಿದ ತಂಡಗಳ ಸಾಮಾನು ಹೊತ್ತದ್ದು ಕುದುರೆಗಳೇ. ಅವುಗಳ ವಂಶದವಳು ಈಗ ಟ್ರೈಲರಿನಲ್ಲಿ ನಿಂತು, ಬಲೆಚೀಲದಿಂದ ಹುಲ್ಲು ಎಳೆದು ತಿನ್ನುತ್ತ, ಎಲ್ಲ ಸೇತುವೆಯ ಮೇಲೂ ಒಮ್ಮೆ ಕಾಲು ಕುಟ್ಟಿ ಅಸಮಾಧಾನ ತಿಳಿಸುತ್ತ ಬಂದಳು. ಮೂರ್ನಾಲ್ಕು ಗಂಟೆಗೊಮ್ಮೆ ಗಾಡಿ ನಿಲ್ಲಿಸಬೇಕು. ಓಡುವ ಟ್ರೈಲರಿನಲ್ಲಿ ಸುಮ್ಮನೆ ನಿಂತಿರುವುದೂ ಕುದುರೆಗೆ ನಡೆದಷ್ಟೇ ದಣಿವು. ಊರು ಬದಲಾದರೆ ನೀರಿನ ವಾಸನೆ ಹಿಡಿಸದೆ ಮೂತಿ ತಿರುಗಿಸುತ್ತದೆ ಎಂದು ಮನೆಯ ನೀರನ್ನೇ ಕ್ಯಾನುಗಳಲ್ಲಿ ತುಂಬಿಕೊಂಡಿದ್ದೆವು. ನಾವಿಬ್ಬರು ಪೆಟ್ರೋಲ್ ಬಂಕಿನ ಕಾಫಿಯಲ್ಲೇ ತೃಪ್ತಿ ಪಟ್ಟುಕೊಂಡೆವು.

ಲಿಯಾರ್ಡ್ ನದಿಯ ಹತ್ತಿರ ಕಾಡುಕೋಣದಂಥ ಬೈಸನ್‌ಗಳ ಹಿಂಡು ರಸ್ತೆಗೆ ಅಡ್ಡ ಮಲಗಿತ್ತು. ಹಾರ್ನ್ ಮಾಡಿ ಫಲವಿಲ್ಲ. ಟ್ರೈಲರಿನ ಕಿಟಕಿಯಿಂದ ಚೆನ್ನಿ ಮೂಗರಳಿಸಿ ಒಂದು ದೊಡ್ಡ ಉಸಿರು ಬಿಟ್ಟಳು. ಒಂದು ಗೂಳಿ ತಲೆಯೆತ್ತಿ ನೋಡಿ ಮತ್ತೆ ಮೆಲುಕು ಹಾಕತೊಡಗಿತು. ಯಾರಿಗೂ ಅವಸರವಿರಲಿಲ್ಲ, ನಮ್ಮನೆಯವರೊಬ್ಬರನ್ನು ಬಿಟ್ಟು.

ಬಂದು ನೆಲೆಯೂರಿದ್ದು ಊರಿಂದ ಪಶ್ಚಿಮಕ್ಕೆ, ಟಖೀನಿ ಕಡೆ, ಹುಲ್ಲು ಬೆಳೆಯುವವರ ನೆರೆಯಲ್ಲೇ ಇರೋಣವೆಂದು. ಆ ಹೆದ್ದಾರಿಯ ಅಂಚಿನಲ್ಲಿ ಹಗ್ಗ ಕಾಣದ ಕುದುರೆಗಳ ಗುಂಪುಗಳೂ ಸಿಗುತ್ತವೆ. ಎಂದೋ ಯಾರೋ ಬಿಟ್ಟವುಗಳ ಸಂತಾನ, ಈಗ ತಮ್ಮ ಪಾಡಿಗೆ ತಾವು. ಅವಕ್ಕೆ ಯಾರೂ ಲಾಯ ಕಟ್ಟಿಸಿಲ್ಲ. ಚೆನ್ನಿಗೆ ನಾವು ಕಟ್ಟಿಸಿದ್ದೂ ಮೂರು ಗೋಡೆಯ ಒಂದು ಮಾಡು, ಗಾಳಿ ಬೀಸುವ ಕಡೆಗೆ ಬೆನ್ನು ಕೊಟ್ಟದ್ದು. ಹಿಮ ಬೀಳುವಾಗ ಅವಳು ಅದರ ಹೊರಗೆ ನಿಲ್ಲುತ್ತಾಳೆ.

ಇದನ್ನು ವಿಡಿಯೋ ಕಾಲಿನಲ್ಲಿ ನೋಡಿದ ಅಮ್ಮನಿಗೆ ಸಂಕಟ. "ಅಲ್ಲ ಕಣೇ, ಮೈಮೇಲೆ ಅಷ್ಟು ಮಂಜು ಬಿದ್ದಿದೆ, ಒಂದು ಕಂಬಳಿ ಹೊದಿಸೋಕಾಗಲ್ವ ನಿಂಗೆ?" ಬೆನ್ನ ಮೇಲೆ ನಾಲ್ಕು ಬೆರಳು ಹಿಮ ನಿಂತಿತ್ತು, ನಿಜ. ಅದು ಕರಗದೆ ನಿಂತಿದೆ ಅಂದರೆ ಒಳಗಿನ ಬಿಸಿ ಹೊರಗೆ ಸೋರುತ್ತಿಲ್ಲ ಅಂತಲೇ ಅರ್ಥ. ಕೈಗವಸು ಬಿಚ್ಚಿ ಆ ಹಿಮದ ಕೆಳಗೆ ಬೆರಳು ತೂರಿಸಿದರೆ ಒತ್ತಾದ ಕೂದಲು, ಅದರ ಬುಡದಲ್ಲಿ ಬೆಚ್ಚನೆಯ ಒಣ ಚರ್ಮ. ಚಳಿ ಹೆಚ್ಚಿದಾಗ ಆ ಕೂದಲೆಲ್ಲ ನಿಮಿರಿ ನಿಂತು ನಡುವೆ ಗಾಳಿ ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಕಂಬಳಿ ಹೇರಿದರೆ ಅದು ಚಪ್ಪಟೆಯಾಗಿ ಇದ್ದ ಗಾಳಿಯೂ ಹೋಗುತ್ತದೆ. ಬಿಸಿಗೆ ಅವಳದೇ ಒಲೆ ಹೊಟ್ಟೆಯಲ್ಲಿದೆ: ಒಣಹುಲ್ಲು ದೊಡ್ಡ ಕರುಳಿನಲ್ಲಿ ಹುಳಿಯುವಾಗ ಹುಟ್ಟುವ ಶಾಖ. ಹಾಗಾಗಿ ಮೈನಸ್ ಮೂವತ್ತರ ರಾತ್ರಿ ಕುದುರೆಗೆ ಕೊಡಬೇಕಾದ್ದು ಇನ್ನೊಂದು ಹೊರೆ ಹುಲ್ಲು. ಇದನ್ನೆಲ್ಲ ಅಮ್ಮನಿಗೆ ಬಿಡಿಸಿ ಹೇಳಿದೆ. ಕೇಳಿಸಿಕೊಂಡು, "ಇರ್ಲಿ, ಒಂದು ಹಳೇ ಕಂಬ್ಳಿಯಾದ್ರೂ..." ಅಂದರು. ತೀರಾ ಮುದಿಯಾದ, ಕಾಯಿಲೆಯ, ಮೈಕೂದಲು ಕತ್ತರಿಸಿದ ಕುದುರೆಗೆ ಬೇಕಾಗುತ್ತದೆ ಅನ್ನುವುದನ್ನು ನಾನು ಬಾಯಿಬಿಡಲಿಲ್ಲ. ಅಂದಿದ್ದರೆ ಪಾರ್ಸೆಲ್ ಬರುತ್ತಿತ್ತು.

ಚಳಿಗಿಂತ ಕಾಡುವುದು ನೀರು. ಹಿಮ ನೆಕ್ಕಿಯೇ ಚೆನ್ನಿಯ ದಾಹ ತೀರಲಿ ಅನ್ನುವ ಹಾಗಿಲ್ಲ. ದಿನಕ್ಕೆ 30 ಲೀಟರ್ ಆಸುಪಾಸು ಒಳಗೆ ಹೋಗಲೇಬೇಕು. ಕುಡಿಯುವುದು ಕಡಿಮೆಯಾದರೆ ಒಣಹುಲ್ಲು ಕರುಳಿನಲ್ಲಿ ಕಟ್ಟಿಕೊಂಡು ಹೊಟ್ಟೆನೋವು ಹಿಡಿಯುತ್ತದೆ, ಕುದುರೆಯ ಹೊಟ್ಟೆನೋವು ಅಂದರೆ ಪ್ರಾಣಕ್ಕೇ ಬರುವಂಥದ್ದು. ಹೊಟ್ಟೆ ಕೊಯ್ಯುವ ದೊಡ್ಡ ಆಸ್ಪತ್ರೆ ಬೇಕೆಂದರೆ ಬಂದ ದಾರಿಯಲ್ಲೇ ದಿನಗಟ್ಟಲೆ ವಾಪಸು. ಆದ್ದರಿಂದ ತೊಟ್ಟಿಗೆ ಕರೆಂಟಿನ ಹೀಟರ್. ಕರೆಂಟು ಹೋದರೆ ಮೊದಲು ನೆನಪಾಗುವುದು ಆ ತೊಟ್ಟಿ, ಆಮೇಲೆ ನಮ್ಮ ಮನೆ.

ಕರೆಂಟಿನ ಬೇಲಿಯ ತರಲೆ ಇನ್ನೊಂದು. ಶಾಕ್ ಹೊಡೆಯಬೇಕಾದರೆ ತಂತಿಯಿಂದ ಪ್ರಾಣಿಯ ಮೈಗೆ, ಅಲ್ಲಿಂದ ನೆಲಕ್ಕೆ ಕರೆಂಟು ಹರಿಯಬೇಕು. ಇಲ್ಲಿ ಹೆಪ್ಪುಗಟ್ಟಿದ ನೆಲ, ಅದರ ಮೇಲೆ ಪುಡಿಪುಡಿ ಒಣ ಹಿಮ. ಕರೆಂಟು ಎಲ್ಲಿಗೆ ಹೋದೀತು? ಹಾಗಾಗಿ ಒಂದು ತಂತಿ ಬಿಟ್ಟು ಒಂದಕ್ಕೆ ಅರ್ಥಿಂಗ್ ಕೊಡುತ್ತಾರೆ. ಎರಡನ್ನೂ ಒಟ್ಟಿಗೆ ಮುಟ್ಟಿದರೆ ಚಳಿಗಾಲದಲ್ಲೂ ಚುರುಕು ಮುಟ್ಟುತ್ತದೆ. ಲಾಳ ಹೊಡೆಯುವವರು ವರ್ಷವಿಡೀ ಕೈಗೆ ಸಿಗುವವರಲ್ಲ. ಶರತ್ಕಾಲದಲ್ಲಿ ಬಂದು ಲಾಳ ಕಿತ್ತುಹಾಕಿ ಹೋಗುತ್ತಾರೆ. ಲಾಳವಿದ್ದರೆ ಅದರೊಳಗೆ ಹಿಮ ಅಂಟಿ ಉಂಡೆಗಟ್ಟಿ, ಕುದುರೆ ಹೈ ಹೀಲ್ಸ್ ಹಾಕಿದ ಮದುಮಗಳ ಹಾಗೆ ತಡವರಿಸುತ್ತದೆ. ಕಡಿವಾಣವನ್ನು ಬಾಯಿಗಿಡುವ ಮುಂಚೆ ಜಾಕೆಟ್ಟಿನೊಳಗೆ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಬೇಕು. ಆ ತಣ್ಣನೆ ಕಬ್ಬಿಣ ಕಂಕುಳಿಗೆ ತಾಗಿದಾಗ ಕುದುರೆ ಸವಾರಿಯ ಸೊಬಗೆಲ್ಲ ಇಳಿದುಹೋಗುತ್ತದೆ.

ಇಲ್ಲಿಗೆ ಕುದುರೆ ತಂದವರಲ್ಲಿ ಎಲ್ಲರೂ ಹೀಗೆ ಕಡಿವಾಣ ಕಾಯಿಸಿದವರಲ್ಲ. ಯೂಕಾನಿನ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕಿತೆಂದು 1897–98ರಲ್ಲಿ ಜನ ಮುಗಿಬಿದ್ದಾಗ, ವೈಟ್ ಪಾಸ್ ಕಣಿವೆಯ ದಾರಿಯಲ್ಲಿ ಸುಮಾರು 3000 ಹೊರೆಪ್ರಾಣಿಗಳು ಸತ್ತವು, ಹೆಚ್ಚಿನವು ಕುದುರೆಗಳು. ಕುದುರೆಯ ಕಿವಿ ಯಾವುದು ಬಾಲ ಯಾವುದು ಅಂತ ತಿಳಿಯದವರು, ದಕ್ಷಿಣದ ಬಂದರುಗಳಲ್ಲಿ ಸವೆದುಹೋದ ಪ್ರಾಣಿಗಳನ್ನು ಕೊಂಡು, ಹೊರಲಾರದಷ್ಟು ಹೇರಿ, ಕೆಸರಿಗೂ ಬಂಡೆಗೂ ನೂಕಿದರು. ಆ ದಾರಿಯ ಒಂದು ಕಮರಿಗೆ ಇವತ್ತಿಗೂ ಸತ್ತ ಕುದುರೆಗಳದೇ ಹೆಸರು. ಚಳಿ ಕೊಂದಿತು ಅಂತ ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ. ಕೊಂದದ್ದು ಮನುಷ್ಯನ ಆಸೆ, ಅದಕ್ಕಿಂತ ಹೆಚ್ಚಾಗಿ ಅವನ ದಡ್ಡತನ. 1900ರಲ್ಲಿ ರೈಲುಹಾದಿ ಪೂರ್ತಿಯಾದ ಮೇಲೆ ಈ ದಾರಿಯ ಹೊರೆ ಇಂಜಿನ್ನಿನ ಪಾಲಿಗೆ ಹೋಯಿತು.

ಕುದುರೆಗೆ ಈ ಸೀಮೆ ಹೊಸದೂ ಅಲ್ಲ. ವೈಟ್‌ಹಾರ್ಸ್ ವಿಮಾನ ನಿಲ್ದಾಣದ ಪಕ್ಕ ಬೆರಿಂಜಿಯಾ ಅನ್ನುವ ಮ್ಯೂಸಿಯಂ ಇದೆ. 1993ರಲ್ಲಿ ಡಾಸನ್ ಸಿಟಿ ಹತ್ತಿರ ಚಿನ್ನ ತೋಡುತ್ತಿದ್ದವರಿಗೆ ಹೆಪ್ಪುನೆಲದಲ್ಲಿ ಸಿಕ್ಕಿದ ಕುದುರೆಯ ಚರ್ಮ, ಮುಂಗಾಲಿನ ಕಥೆ ಅಲ್ಲಿ ತಿಳಿಯುತ್ತದೆ. ಆ ಚರ್ಮ ಸುಮಾರು 26,000 ವರ್ಷ ಹಳೆಯದು, ಕೂದಲು ಕೂಡ ಉಳಿದಿದೆ. ಇದೇ ಯೂಕಾನಿನ ಥಿಸಲ್ ಕ್ರೀಕ್‌ನ ಕುದುರೆ ಮೂಳೆಯೊಂದರಿಂದ ವಿಜ್ಞಾನಿಗಳು 2013ರಲ್ಲಿ ಜೀನೋಮ್ ಓದಿದರು, ಅದರ ವಯಸ್ಸು ಏಳು ಲಕ್ಷ ವರ್ಷದ ಸುಮಾರು. ಕುದುರೆಯ ಕುಲ ಹುಟ್ಟಿದ್ದೇ ಉತ್ತರ ಅಮೆರಿಕದಲ್ಲಿ. ಸಮುದ್ರ ಇಳಿದು ನೆಲ ತೆರೆದುಕೊಂಡಾಗ ಏಷ್ಯಾಕ್ಕೆ ದಾಟಿದವು ಅಲ್ಲಿ ಬಾಳಿದವು, ಇಲ್ಲಿದ್ದವು ಹಿಮಯುಗ ಮುಗಿಯುವ ಹೊತ್ತಿಗೆ ಅಳಿದವು. ಏಷ್ಯಾದ ಆ ಸಾಲಿನವೇ ಕಾಲಾಂತರದಲ್ಲಿ ಟಿಪ್ಪುವಿನ ದಂಡಿಗೂ ಬಂದವು. ಚೆನ್ನಿ, ನಾನು, ನಮ್ಮಿಬ್ಬರಲ್ಲಿ ಇಲ್ಲಿ ಪರದೇಶಿ ಯಾರು ಅಂತ ಮ್ಯೂಸಿಯಂ ಟಿಕೆಟ್ ಕೊಂಡ ಮೇಲೆ ಗೊತ್ತಾಯಿತು.

ಫೆಬ್ರವರಿಯಲ್ಲಿ ಚೆನ್ನಿಯ ಮೈಕೂದಲು ಉದುರತೊಡಗಿತು. ಹೊರಗೆ ಮೈನಸ್ ಇಪ್ಪತ್ತೆಂಟು! ಕುದುರೆ ಥರ್ಮಾಮೀಟರ್ ನೋಡುವುದಿಲ್ಲ, ಬೆಳಕು ನೋಡುತ್ತದೆ. ಜೂನ್ ಕಳೆದು ಹಗಲು ಕುಗ್ಗತೊಡಗಿದರೆ ಚಳಿಗಾಲದ ಕೂದಲಿಗೆ ತಯಾರಿ, ಹಿಗ್ಗತೊಡಗಿದರೆ ಉದುರಿಸಲು ತಯಾರಿ. ಡಿಸೆಂಬರಿನಲ್ಲಿ ಐದೂವರೆ ಗಂಟೆಗೆ ಇಳಿಯುವ ಇಲ್ಲಿಯ ಹಗಲು ಫೆಬ್ರವರಿಯಲ್ಲಿ ದಿನಕ್ಕೆ ಐದಾರು ನಿಮಿಷ ಬೆಳೆಯುತ್ತದೆ. ಬ್ರಷ್ಷು ಎಳೆದಾಗಲೆಲ್ಲ ಕಂದು ಕೂದಲಿನ ಕಟ್ಟು, ನನ್ನ ಜಾಕೆಟ್ಟಿಗೆ, ರೆಪ್ಪೆಗೆ, ನಮ್ಮನೆಯವರ ಕಾಫಿ ಲೋಟಕ್ಕೆ. ಅಮ್ಮನಿಗೆ ತೋರಿಸಿದೆ. ಕ್ಯಾಮೆರಾ ಹತ್ತಿರ ತರಲು ಹೇಳಿ, ಕಣ್ಣು ಕಿರಿದು ಮಾಡಿ ನೋಡಿ, "ಒಂದೂ ಬಿಸಾಡಬೇಡ, ಚೀಲಕ್ಕೆ ತುಂಬಿಡು. ಬರುವಾಗ ತಗೊಂಡು ಬಾ, ಕಂಬಳಿ ನೇಯೋರಿಗೆ ಕೊಡೋಣ" ಅಂದರು. ಇಷ್ಟು ಗಿಡ್ಡ ಕೂದಲಲ್ಲಿ ನೂಲು ಬರುವುದಿಲ್ಲ ಅಂದೆ. "ಕುರಿ ಉಣ್ಣೆ ಜೊತೆ ಸೇರಿಸಿದ್ರೆ ಬರುತ್ತೆ, ನಿಂಗೇನು ಗೊತ್ತು" ಅಂದರು. ಸದ್ಯಕ್ಕೆ ಹುಲ್ಲಿನ ಮಾಡಿನ ಮೂಲೆಯಲ್ಲಿ ಒಂದೂವರೆ ಚೀಲ ಆಗಿದೆ.