ಕುಂಕುಮ ಹತ್ತಿದ ಗಂಡಭೇರುಂಡ

ನಮ್ಮ ಮನೆಗೆ ಬರುವ ನೆಂಟರು ಷೋಕೇಸಿನ ಮುಂದೆ ನಿಂತು ಕೇಳುವ ಮೊದಲ ಪ್ರಶ್ನೆ: ‘ಇದೇನ್ರಿ ಮೇಷ್ಟ್ರೆ, ಗುಜರಿ ಅಂಗಡಿ ಇಡೋ ಯೋಚನೆಯೇ?’ ಅವರ ಮಾತಿನಲ್ಲಿ ತಪ್ಪೇನಿಲ್ಲ. ಅಲ್ಲಿರುವುದು ಸಿಪಾಯಿಗಳ ಸಮವಸ್ತ್ರದ ಹಳೆಯ ಗುಂಡಿಗಳು, ಪೇಟದ ಬಿಲ್ಲೆಗಳು, ಬೆಲ್ಟಿನ ಕೊಂಡಿಗಳು, ಬಾವುಟದ ಕೋಲಿನ ತುದಿಗೆ ಸಿಕ್ಕಿಸುವ ಒಂದೆರಡು ಮೊನೆಗಳು. ಇವಕ್ಕೆ ಸುರಿದ ದುಡ್ಡಿನಲ್ಲಿ ಒಂದು ಒಳ್ಳೆಯ ಗ್ರೈಂಡರ್ ಬರುತ್ತಿತ್ತು ಎಂಬುದು ನನ್ನ ಹೆಂಡತಿಯ ಲೆಕ್ಕ.

ಈ ಹುಚ್ಚು ಹತ್ತಿದ್ದು ಒಂದು ಚಿತ್ರದಿಂದ. ತುಮಕೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ಗ್ರಂಥಾಲಯದ ವಿಶ್ವಕೋಶದಲ್ಲಿ ನೆಪೋಲಿಯನ್ನನ ಸೈನ್ಯದ ಹದ್ದನ್ನು ಕಂಡೆ. 1804ರ ಡಿಸೆಂಬರ್ 5ರಂದು ಪ್ಯಾರಿಸ್ಸಿನಲ್ಲಿ ತನ್ನ ರೆಜಿಮೆಂಟುಗಳಿಗೆ ಅವನು ಹಂಚಿದ ಹದ್ದು ಅದು. ಬಾವುಟದ ಕೋಲಿನ ತುದಿಯಲ್ಲಿ ಕೂರುವಂಥದ್ದು. ಕಂಚಿನ ಎರಕ, ಮೇಲೆ ಚಿನ್ನದ ಗಿಲೀಟು, ತೂಕ ಎರಡು ಕಿಲೋಗೆ ತುಸು ಕಡಿಮೆ. ರೋಮನ್ನರಿಂದ ಎರವಲು ತಂದ ಕಲ್ಪನೆ. ಬಟ್ಟೆ ಹರಿದರೆ ಇನ್ನೊಂದು ಹೊಲಿಸಬಹುದು, ಹದ್ದು ಶತ್ರುವಿನ ಪಾಲಾದರೆ ಇಡೀ ದಳದ ಮಾನ ಹೋದಂತೆ. 1815ರಲ್ಲಿ ವಾಟರ್‌ಲೂ ಕದನದಲ್ಲಿ ಬ್ರಿಟಿಷ್ ಕುದುರೆ ಸವಾರರು ಅಂಥ ಎರಡನ್ನು ಕಿತ್ತುಕೊಂಡರು. ನೆಪೋಲಿಯನ್ ಬಿದ್ದ ಮೇಲೆ ಮರಳಿ ಬಂದ ದೊರೆ ಹದ್ದುಗಳನ್ನು ಕರಗಿಸಲು ಅಪ್ಪಣೆ ಕೊಟ್ಟ. 1830ರ ಕ್ರಾಂತಿಯ ನಂತರ ಅದೇ ಜಾಗಕ್ಕೆ ಹುಂಜ ಬಂತು. 1852ರಲ್ಲಿ ನೆಪೋಲಿಯನ್ನನ ತಮ್ಮನ ಮಗ ಚಕ್ರವರ್ತಿಯಾಗಿ ಹದ್ದನ್ನು ಮತ್ತೆ ಕೂರಿಸಿದ. ಅವನೂ ಹೋದ ಮೇಲೆ ಗಣರಾಜ್ಯದವರು ಹಕ್ಕಿಗಳ ಸಹವಾಸವೇ ಬೇಡವೆಂದು ಈಟಿಯ ಮೊನೆ ಇಟ್ಟರು. ಇತಿಹಾಸದ ಮೇಷ್ಟ್ರು ಒಂದು ಟರ್ಮು ಮಾಡುವ ಪಾಠ ಒಂದು ಕೋಲಿನ ತುದಿಯಲ್ಲಿದೆಯಲ್ಲ ಎನಿಸಿತು.

1797ರಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಫ್ರೆಂಚರು ತಮ್ಮ ಕ್ರಾಂತಿಯ ಮೂರು ಬಣ್ಣದ ಬಾವುಟ ಹಾರಿಸಿದ್ದರೆಂದು ಓದಿದ ಮೇಲಂತೂ, ಅಂಥದ್ದೊಂದು ನಮ್ಮ ಸೀಮೆಯಲ್ಲೇ ಸಿಗಬಾರದೇಕೆ ಎಂಬ ಆಸೆ ಹುಟ್ಟಿತು. ಸಿಕ್ಕಿತು ಕೂಡ. ಗುಬ್ಬಿಯ ಗುಜರಿ ಅಂಗಡಿಯವನು ಈಟಿಯ ಮೊನೆಯೊಂದನ್ನು ಮುಂದಿಟ್ಟು, ‘ಟಿಪ್ಪು ಕಾಲದ್ದು ಸಾರ್, ಫ್ರೆಂಚಿನೋರ್ದು’ ಎಂದ. ಮುನ್ನೂರು ರೂಪಾಯಿ ಕೊಟ್ಟು ತಂದೆ. ಶಾಲೆಯಲ್ಲಿ ತೂಗಿದರೆ 214 ಗ್ರಾಂ. ಅಳತೆಯ ಜಾಡಿಯಲ್ಲಿ ಮುಳುಗಿಸಿದರೆ ನೀರು ಏರಿದ್ದು 30 ಮಿಲಿಲೀಟರು. ಸಾಂದ್ರತೆ 7.1. ಮಕ್ಕಳೇ, ಹಿತ್ತಾಳೆಯದು ಎಂಟೂವರೆಯ ಆಸುಪಾಸು ಇರಬೇಕು; ಏಳು ಚಿಲ್ಲರೆ ಎಂದರೆ ಸತುವಿನ ಎರಕ, ಮೇಲೆ ಹಳದಿ ಬಣ್ಣ. ಗುಬ್ಬಿ ನಾಟಕದ ಕಂಪನಿಯ ಊರು. ಯಾವ ಕುರುಕ್ಷೇತ್ರದಲ್ಲಿ ಯಾವ ಕೌರವ ಹಿಡಿದಿದ್ದನೋ! ಅದನ್ನು ಈಗಲೂ ಇಟ್ಟುಕೊಂಡಿದ್ದೇನೆ, ಆರ್ಕಿಮಿಡೀಸನ ಪಾಠಕ್ಕೆ.

ಹೀಗೆ ಪೆಟ್ಟು ತಿಂದ ಮೇಲೆ ಫ್ರೆಂಚರನ್ನು ಬಿಟ್ಟು ನಮ್ಮ ಮೈಸೂರಿನ ಹಕ್ಕಿಗೆ ಬಂದೆ. ಎರಡು ತಲೆಯ ಗಂಡಭೇರುಂಡ ನೆಪೋಲಿಯನ್ನನ ಹದ್ದಿಗಿಂತ ಗಟ್ಟಿ ಆಸಾಮಿ. ಬಳ್ಳಿಗಾವೆಯಲ್ಲಿ ಹನ್ನೊಂದನೆಯ ಶತಮಾನದ ಕಂಬದ ಮೇಲಿದೆ, ವಿಜಯನಗರದ ಅಚ್ಯುತದೇವರಾಯನ ನಾಣ್ಯದಲ್ಲಿದೆ, ಒಡೆಯರ ಲಾಂಛನದಲ್ಲಿತ್ತು, ಇಂದು ನಮ್ಮ ಸರ್ಕಾರದ ಮುದ್ರೆಯಲ್ಲಿದೆ. ಅರಸೊತ್ತಿಗೆ ಹೋದರೂ ಹಕ್ಕಿಯನ್ನು ಯಾರೂ ಕರಗಿಸಲಿಲ್ಲ. ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ದಳದವರ ಗುರುತೂ ಅದೇ. ಆ ದಳ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಹೈಫಾ ಪಟ್ಟಣ ಗೆದ್ದುಕೊಟ್ಟಿತು. ಎದುರಿಗೆ ಫಿರಂಗಿ, ಮೆಷಿನ್‌ಗನ್ನು. ಇವರ ಕೈಯಲ್ಲಿ ಭರ್ಜಿ. ದೆಹಲಿಯ ತೀನ್‌ಮೂರ್ತಿಯಲ್ಲಿ ನಿಂತಿರುವ ಮೂವರಲ್ಲಿ ಒಬ್ಬ ನಮ್ಮವನು. 1953ರಲ್ಲಿ ದಳ ಭಾರತ ಸೇನೆಯ 61ನೇ ಕ್ಯಾವಲ್ರಿಯಲ್ಲಿ ಸೇರಿಹೋಯಿತು. ಹಕ್ಕಿಯೂ ಜೊತೆಗೇ ಹೋಯಿತು.

ಇಪ್ಪತ್ತು ವರ್ಷದ ಹಿಂದೆ ನಾನು ಕುಣಿಗಲ್ ತಾಲ್ಲೂಕಿನಲ್ಲಿದ್ದೆ. ಟಿಪ್ಪುವಿನ ಕಾಲದಿಂದ ದಂಡಿನ ಕುದುರೆ ಸಾಕಿದ ಊರಾದ್ದರಿಂದ ತರಗತಿಯಲ್ಲಿ ಹೈಫಾದ ಕತೆ ಹೇಳಿದ್ದೆ. ಮರುದಿನ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಜೇಬಿನಿಂದ ಕಪ್ಪು ಬಿಲ್ಲೆಯೊಂದನ್ನು ತೆಗೆದ. ‘ನಮ್ಮ ಮುತ್ತಾತಂದು ಸಾರ್, ಜಮಾದಾರ್ ಆಗಿದ್ರಂತೆ. ನಿಮ್ಗೇ ಇರ್ಲಿ.’ ಮಣ್ಣು ಮೆತ್ತಿದಂತಿದ್ದ ಎರಡು ತಲೆಗಳು ಕಂಡವು. ನನ್ನ ಕೈ ನಡುಗಿತು. ‘ಮನೇಲಿ ಕೇಳಿದ್ದೀಯೇನೋ?’ ಎನ್ನಬೇಕಾಗಿತ್ತು. ಬಾಯಿಗೆ ಬಂದ ಮಾತನ್ನು ನುಂಗಿ, ಅವನಿಗೊಂದು ಹೊಸ ಜಾಮಿಟ್ರಿ ಬಾಕ್ಸ್ ಕೊಡಿಸಿದೆ.

ಅಂದು ಸಂಜೆಯೇ ಶಾಲೆಯ ಪ್ರಯೋಗಶಾಲೆಯಲ್ಲಿ ಅದನ್ನು ಸಾರರಿಕ್ತ ನೈಟ್ರಿಕ್ ಆಮ್ಲಕ್ಕೆ ಹಾಕಿದೆ. ಅಂಚಿನಲ್ಲಿ ಗಿಲೀಟಿನ ಮಿಂಚು ಕಂಡಿತ್ತು. ನೈಟ್ರಿಕ್ ಆಮ್ಲ ಚಿನ್ನವನ್ನು ಮುಟ್ಟುವುದಿಲ್ಲ ಎಂದು ವರ್ಷ ವರ್ಷ ಪಾಠ ಮಾಡಿದವನು ನಾನು. ಮಾತು ನಿಜವೇ. ಆದರೆ ಚಿನ್ನದ ತೆಳುಪೊರೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ; ಆಮ್ಲ ಅವುಗಳೊಳಗೆ ಇಳಿದು ಕೆಳಗಿನ ತಾಮ್ರ, ಸತುವನ್ನು ತಿನ್ನುತ್ತದೆ. ಗುಳ್ಳೆ ಎದ್ದವು. ಚಿನ್ನ ಈರುಳ್ಳಿ ಸಿಪ್ಪೆಯಂತೆ ಸುಲಿದು ತಳಕ್ಕೆ ಬಿತ್ತು. ಗಾಬರಿಯಾಗಿ ಹೊರತೆಗೆದು ಬ್ರಷ್ಷಿನಿಂದ ಉಜ್ಜಿದೆ. ಕೊನೆಗೆ ಉಳಿದದ್ದು ಹೊಸ ತಂಬಿಗೆಯಂತೆ ಹೊಳೆಯುವ ಹಿತ್ತಾಳೆ. ಹಕ್ಕಿಯ ಗರಿಗಳ ಗೆರೆಗಳೆಲ್ಲ ಸವೆದಿದ್ದವು.

ನಾಲ್ಕು ದಿನ ಬಿಟ್ಟು ಹುಡುಗನ ಅಜ್ಜಿ, ಅಂದರೆ ಅವನಪ್ಪನ ತಾಯಿ, ಬಿಲ್ಲೆ ಹುಡುಕುತ್ತಿದ್ದಾರೆಂದು ತಿಳಿಯಿತು. ಕರವಸ್ತ್ರದಲ್ಲಿ ಸುತ್ತಿಕೊಂಡು ನಾನೇ ಅವರ ಮನೆಗೆ ಹೋದೆ. ಅಜ್ಜಿ ಅಂಗೈಯಲ್ಲಿಟ್ಟು ನೋಡಿದರು. ‘ಇದು ನಮ್ದಲ್ಲ ಬುಡಿ ಮೇಷ್ಟ್ರೆ. ನಮ್ದು ಕರ್ರಗಿತ್ತು. ಆಯುಧಪೂಜೇಲಿ ಇಕ್ಕಿದ ಕುಂಕ್ಮ ಹತ್ತಿತ್ತು.’

ನಾನು ಮಣ್ಣೆಂದು ಉಜ್ಜಿದ್ದು ಐವತ್ತು ಅರವತ್ತು ವರ್ಷದ ಕುಂಕುಮ.

ಆಮ್ಲದ ವಿಷಯ ಹೇಳಿದೆ. ಅವರಿಗೆಷ್ಟು ಅರ್ಥವಾಯಿತೋ. ಬಿಲ್ಲೆಯನ್ನು ತಿರುವಿ, ಹಿಂದೆ ಮುರಿದಿದ್ದ ಕೊಂಡಿಯನ್ನು ಹೆಬ್ಬೆರಳಿನಿಂದ ಸವರಿ, ‘ಹೂಂ, ನಮ್ಮಾವಂದೇಯ’ ಎಂದಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ಹಗುರವಾಗುತ್ತಿತ್ತು. ಹುಡುಗನ ತಾಯಿ ಕಾಫಿ ಲೋಟದ ಜೊತೆಗೆ ಆ ಜಾಮಿಟ್ರಿ ಬಾಕ್ಸನ್ನೂ ತಂದು ನನ್ನ ಮುಂದಿಟ್ಟರು. ಬೇಡವೆಂದರೂ ಕೇಳಲಿಲ್ಲ.

ಈಗ ಯಾವ ಹುಡುಗ ಏನು ತಂದರೂ ಮೊದಲು ಅವನ ಮನೆಯವರನ್ನು ಕರೆಸುತ್ತೇನೆ. ಯಾರದು, ಎಲ್ಲಿಂದ ಬಂತು ಎಂದು ಅವರ ಬಾಯಿಂದಲೇ ಕೇಳಿ ಬರೆದುಕೊಂಡು, ಫೋಟೊ ತೆಗೆದು, ವಾಪಸು ಕೊಡುತ್ತೇನೆ. ಕೊಂಡ ಸಾಮಾನುಗಳ ದೂಳನ್ನೂ ಒಣ ಬಟ್ಟೆಯಲ್ಲಿ ಒರೆಸುವುದಷ್ಟೇ. ಹುಣಸೆಹಣ್ಣು ಕೂಡ ಮುಟ್ಟಿಸುವುದಿಲ್ಲ.

ಅಜ್ಜಿ ಈಗಿಲ್ಲ. ಆ ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಆಯುಧಪೂಜೆಗೆ ಊರಿಗೆ ಹೋದಾಗಲೆಲ್ಲ ನನಗೊಂದು ಫೋಟೊ ಕಳಿಸುತ್ತಾನೆ. ಬಿಲ್ಲೆ ಮತ್ತೆ ಮಸುಕಾಗುತ್ತಿದೆ. ಹೋದ ವರ್ಷದ ಫೋಟೊದಲ್ಲಿ ಎಡಗಡೆ ತಲೆಯ ಕಣ್ಣಿನ ಕುಳಿಯಲ್ಲಿ ಒಂದಿಷ್ಟು ಕೆಂಪು ಕಾಣುತ್ತಿತ್ತು.